ಬೋಳುಗುಡ್ಡ ಬೋಳಲ್ಲ

ಮಳೆಗಾಲ ಹಿಡಿಯುತ್ತಿದ್ದಂತೆ ಪುಣೆಯ ಗುಡ್ಡಗಳ ಮೇಲೆ ಗುಂಡಿ ತೋಡುವ ಕೆಲಸ ಶುರುವಾಗುತ್ತದೆ. ಶಾಲೆಯ ಮಕ್ಕಳು, ಸಾಫ್ಟ್‌ವೇರ್ ಕಂಪನಿಗಳ ನೌಕರರು, ಬೆಳಗಿನ ವಾಕಿಂಗಿಗೆ ಬರುವ ನಿವೃತ್ತರು, ವಾರ್ಡಿನ ಮುಖಂಡರು ಒಂದೊಂದು ಸಸಿ ಹಿಡಿದು ಗುಡ್ಡ ಹತ್ತುತ್ತಾರೆ. 1950ರಲ್ಲಿ ಕೆ.ಎಂ. ಮುನ್ಶಿ ಕೇಂದ್ರ ಸಚಿವರಾಗಿದ್ದಾಗ ಆರಂಭಿಸಿದ ವನಮಹೋತ್ಸವ ಇವತ್ತಿಗೂ ದೇಶದ ಅತ್ಯಂತ ಜನಪ್ರಿಯ ಸರ್ಕಾರಿ ಕಾರ್ಯಕ್ರಮಗಳಲ್ಲಿ ಒಂದು. ಮಹಾರಾಷ್ಟ್ರ ಸರ್ಕಾರ ಕೆಲವೇ ವರ್ಷಗಳ ಹಿಂದೆ 50 ಕೋಟಿ ಸಸಿಗಳ ಗುರಿ ಹಾಕಿಕೊಂಡಿತ್ತು. ಅದರಲ್ಲಿ 2019ನೇ ವರ್ಷವೊಂದರ ಪಾಲೇ 33 ಕೋಟಿ. ಸಸಿ ನೆಡುವುದನ್ನು ಬೇಡ ಎನ್ನುವವರು ಯಾರೂ ಇಲ್ಲ. ಪಕ್ಷ, ಜಾತಿ, ಭಾಷೆಯ ಭೇದವಿಲ್ಲದೆ ಎಲ್ಲರೂ ಒಪ್ಪುವ ಪುಣ್ಯದ ಕೆಲಸ ಅದು.

ಆದರೆ ಸಸಿ ನೆಡುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಜಾಗದಲ್ಲಿ ಈಗ ಏನಿದೆ? ಪುಣೆಯ ಗುಡ್ಡಗಳ ವಿಷಯದಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಏನೂ ಇಲ್ಲ, ಬರೀ ಹುಲ್ಲು’. ಈ ಉತ್ತರವೇ ತಪ್ಪು. ನಗರದೊಳಗಿನ ಗುಡ್ಡಗಳು, ನಗರದ ಪೂರ್ವಕ್ಕೆ ಸಾಸವಡ, ಜೇಜುರಿ, ಬಾರಾಮತಿ, ಇಂದಾಪುರದ ಕಡೆಗೆ ಹಬ್ಬಿರುವ ಹುಲ್ಲುಬಯಲು ಕಾಡು ಕಡಿದು ಹಾಳಾದ ನೆಲ ಎಂಬ ನಂಬಿಕೆ ಆಳವಾಗಿ ಬೇರೂರಿದೆ. ಅವು ಹಾಳಾದ ಕಾಡಲ್ಲ. ಒಣ ಹವೆಗೂ ಜ್ವಾಲಾಮುಖಿಯ ಕಲ್ಲಿಗೂ ಒಗ್ಗಿಕೊಂಡು ಬಂದ ಹುಲ್ಲುಗಾವಲು. ಅದನ್ನು ‘ಹಸಿರು’ ಮಾಡಲು ಹೊರಟವರು, ಎಷ್ಟೇ ಒಳ್ಳೆಯ ಮನಸ್ಸಿನವರಾಗಿರಲಿ, ಅಲ್ಲಿರುವ ಜೀವಗಳ ಜಾಗವನ್ನು ಕಿತ್ತುಕೊಳ್ಳುತ್ತಿದ್ದಾರೆ.

ಪುಣೆ ನಿಂತಿರುವುದು ಬಸಾಲ್ಟ್ ಎಂಬ ಕಪ್ಪು ಕಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹೊರಬಂದ ಲಾವಾ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾಯಿತು. ಇವತ್ತು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ‘ಟ್ರ್ಯಾಪ್’ ಬಂದದ್ದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ. ಸಹ್ಯಾದ್ರಿಯ ಗುಡ್ಡಗಳನ್ನು ದೂರದಿಂದ ನೋಡಿದವರಿಗೆ ಆ ಮೆಟ್ಟಿಲುಗಳು ಕಾಣುತ್ತವೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಯ ಉತ್ತರ ಭಾಗ ಇದೇ ಕಲ್ಲಿನ ದಕ್ಷಿಣದ ಅಂಚು. ಅಲ್ಲಿನ ಎರೆ ಮಣ್ಣು ಈ ಲಾವಾ ಕರಗಿ ಆದದ್ದು. ಪುಣೆಯ ಶಿವಾಜಿನಗರದಲ್ಲಿ ರಾಷ್ಟ್ರಕೂಟರ ಕಾಲದ್ದೆನ್ನುವ ಪಾತಾಳೇಶ್ವರ ಗುಹಾಲಯವನ್ನು ಕೊರೆದದ್ದೂ ಇದೇ ಬಂಡೆಯಲ್ಲಿ.

ಈ ಕಲ್ಲಿನ ಮೇಲೆ ಮಳೆಯ ಹಂಚಿಕೆ ಒಂದೇ ರೀತಿ ಇಲ್ಲ. ಪಶ್ಚಿಮಕ್ಕೆ ಘಟ್ಟದ ನೆತ್ತಿಯ ಮೇಲೆ ಧಾರಾಕಾರ ಮಳೆ ಸುರಿದರೆ, ಪುಣೆಗೆ ಬರುವ ಹೊತ್ತಿಗೆ ಅದು ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಪೂರ್ವಕ್ಕೆ ಬಾರಾಮತಿಯ ಕಡೆ ಹೋದರೆ 500ರ ಸುತ್ತಮುತ್ತ. ಇದು ಮಳೆನೆರಳಿನ ನಾಡು. ಬಂಡೆಯ ಮೇಲೆ ಗೇಣುದ್ದವೂ ಮಣ್ಣಿಲ್ಲದ ಕಡೆ, ವರ್ಷದ ಎಂಟು ತಿಂಗಳು ನೀರಿಲ್ಲದ ಕಡೆ ದಟ್ಟವಾದ ಕಾಡು ಬೆಳೆಯುವುದಿಲ್ಲ. ಮಣ್ಣು ನಿಲ್ಲುವ ಕೊರಕಲುಗಳಲ್ಲಿ, ಹಳ್ಳದ ಬದಿಯಲ್ಲಿ, ದೇವರಕಾಡುಗಳಲ್ಲಿ ಮರಗಳಿದ್ದವು, ಇನ್ನೂ ಇವೆ. ಪುಣೆಯಲ್ಲಿ ಹುಟ್ಟಿ ಬೆಳೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಮಾಧವ ಗಾಡ್ಗೀಳರು ವಿ.ಡಿ. ವರ್ತಕರ ಜೊತೆ 1970ರ ದಶಕದಲ್ಲಿ ಈ ಭಾಗದ ದೇವರಕಾಡುಗಳನ್ನು ಅಧ್ಯಯನ ಮಾಡಿದ್ದರು. ಆದರೆ ದೇವರಕಾಡು ಇದ್ದ ಜಾಗ ಬೇರೆ, ಬಿಸಿಲಿಗೆ ಬೆನ್ನೊಡ್ಡಿದ ಗುಡ್ಡದ ಇಳಿಜಾರು ಬೇರೆ. ಎರಡೂ ಕಡೆ ಒಂದೇ ಗುದ್ದಲಿ ಹಿಡಿಯುವುದು ತರವಲ್ಲ.

ಬೋಳು ಎಂದು ಕಂಡ ಜ್ವಾಲಾಮುಖಿಯ ನೆಲವನ್ನು ಹಸಿರು ಮಾಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಒಂದು ಹಳೆಯ ಉದಾಹರಣೆಯಿದೆ. ಆಫ್ರಿಕಾಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ ಅಟ್ಲಾಂಟಿಕ್ ಸಾಗರದಲ್ಲಿ ಅಸೆನ್ಷನ್ ಎಂಬ ದ್ವೀಪವಿದೆ. ಒಟ್ಟು ವಿಸ್ತೀರ್ಣ ಸುಮಾರು 88 ಚದರ ಕಿಲೋಮೀಟರ್. ಪೂರ್ತಿ ಲಾವಾ ಮತ್ತು ಬೂದಿ. ಪಕ್ಕದ ಸೇಂಟ್ ಹೆಲೆನಾದಲ್ಲಿ ನೆಪೋಲಿಯನ್‌ನನ್ನು ಸೆರೆಯಲ್ಲಿಟ್ಟಾಗ, 1815ರಲ್ಲಿ ಬ್ರಿಟಿಷರು ಕಾವಲಿಗೆಂದು ಇಲ್ಲಿ ಪಡೆ ಇಳಿಸಿದರು. 1836ರಲ್ಲಿ ಚಾರ್ಲ್ಸ್ ಡಾರ್ವಿನ್ ಬಂದಾಗ ಅವರಿಗೆ ಕಂಡದ್ದು ಮರವಿಲ್ಲದ ಒಣ ದ್ವೀಪ. 1843ರಲ್ಲಿ ಬಂದ ಅವರ ಗೆಳೆಯ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್, ಅದನ್ನು ಹಸಿರು ಮಾಡುವ ಯೋಜನೆಯನ್ನೇ ಹಾಕಿಕೊಟ್ಟರು. ಮರ ನೆಟ್ಟರೆ ಮೋಡದ ತೇವ ಹಿಡಿಯುತ್ತದೆ, ನೀರು ಹೆಚ್ಚುತ್ತದೆ, ಮಣ್ಣು ಬೆಳೆಯುತ್ತದೆ ಎಂಬುದು ಲೆಕ್ಕಾಚಾರ. ಮುಂದಿನ ದಶಕಗಳಲ್ಲಿ ಹಡಗುಗಟ್ಟಲೆ ಗಿಡಗಳು ಬಂದವು. ಶತಮಾನ ಮುಗಿಯುವ ಹೊತ್ತಿಗೆ ದ್ವೀಪದ ನೆತ್ತಿಯಲ್ಲಿ ಬಿದಿರು, ನೀಲಗಿರಿ, ಬಾಳೆ, ನಾರ್ಫೋಕ್ ದ್ವೀಪದ ಪೈನ್ ಮರಗಳು ಬೆಳೆದು ನಿಂತಿದ್ದವು. ಆ ಬೆಟ್ಟಕ್ಕೆ ಇವತ್ತಿನ ಹೆಸರೇ ಗ್ರೀನ್ ಮೌಂಟನ್.

ಕಣ್ಣಿಗೆ ಅದು ಗೆಲುವು. ಆದರೆ ಆ ‘ಬೋಳು’ ಬೆಟ್ಟದಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಕೆಲವು ಜರೀಗಿಡಗಳೂ ಹುಲ್ಲುಗಳೂ ಇದ್ದವು. ಹೊರಗಿನಿಂದ ಬಂದ ಗಿಡಗಳ ನೆರಳಿನಡಿ, ಮೇಯಲು ಬಿಟ್ಟ ಪ್ರಾಣಿಗಳ ಬಾಯಲ್ಲಿ ಅವು ಒಂದೊಂದಾಗಿ ಕಣ್ಮರೆಯಾದವು. ಅದರಲ್ಲಿ ಕೊತ್ತಂಬರಿ ಎಲೆಯಷ್ಟು ಪುಟ್ಟದಾದ ಒಂದು ಜರೀಗಿಡ ಅಳಿದೇಹೋಯಿತೆಂದು 2003ರಲ್ಲಿ ಘೋಷಿಸಿದ್ದರು. 2009ರಲ್ಲಿ ಕಡಿದಾದ ಒಂದು ಬಂಡೆಯ ಸಂದಿಯಲ್ಲಿ ಅದರ ಕೆಲವೇ ಗಿಡಗಳು ಸಿಕ್ಕವು. ಅದರ ಬೀಜಕಣಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಒಯ್ದು ಬೆಳೆಸಿ ಉಳಿಸಬೇಕಾಯಿತು. ದ್ವೀಪದ ತಗ್ಗಿನಲ್ಲಿ ಇನ್ನೊಂದು ಕಥೆ ನಡೆಯಿತು. 1960ರ ದಶಕದಲ್ಲಿ ಅಲ್ಲಿಗೆ ತಂದ ಮುಳ್ಳಿನ ಗಿಡವೊಂದು ಲಾವಾ ಬಯಲನ್ನೆಲ್ಲ ಆವರಿಸಿ, ಕಡಲಾಮೆಗಳು ಮೊಟ್ಟೆಯಿಡುವ ಮರಳಿನ ದಂಡೆಗಳತ್ತ ನುಗ್ಗಿತು. ಆ ಗಿಡ ಉತ್ತರ ಕರ್ನಾಟಕದ ಯಾರಿಗೂ ಹೊಸದಲ್ಲ. ಅದು ಬಳ್ಳಾರಿ ಜಾಲಿ.

ಪುಣೆ ಕಡಲಿನಿಂದ ದೂರದ ಊರು. ಆದರೂ ಅಸೆನ್ಷನ್ನಿನ ಕಥೆ ಇಲ್ಲಿ ಹೆಚ್ಚು ಬದಲಾವಣೆಯಿಲ್ಲದೆ ಮರುಕಳಿಸಿದೆ. ವೇತಾಳ ಟೇಕಡಿ, ಫರ್ಗ್ಯುಸನ್ ಕಾಲೇಜಿನ ಹಿಂದಿನ ಹನುಮಾನ್ ಟೇಕಡಿ, ಪರ್ವತಿ, ತಳಜಾಯಿ ಇವೆಲ್ಲ ನಗರದ ನಡುವೆ ಉಳಿದ ಗುಡ್ಡಗಳು. ಟೇಕಡಿ ಎಂದರೆ ಮರಾಠಿಯಲ್ಲಿ ಗುಡ್ಡ. ಬೇಂದ್ರೆಯವರು ಫರ್ಗ್ಯುಸನ್‌ನಲ್ಲಿ ಬಿ.ಎ. ಓದುತ್ತಿದ್ದ ಕಾಲಕ್ಕೆ ಈ ಗುಡ್ಡಗಳು ಊರ ಹೊರಗಿದ್ದವು. ಇವತ್ತು ನಾಲ್ಕೂ ಕಡೆ ಅಪಾರ್ಟ್‌ಮೆಂಟುಗಳು ಎದ್ದು, ಅವು ನಿಜಕ್ಕೂ ದ್ವೀಪಗಳಾಗಿವೆ. ಕೆಲವು ದಶಕಗಳ ಹಿಂದೆ ಅರಣ್ಯ ಇಲಾಖೆ ಇವುಗಳ ಇಳಿಜಾರಿನಲ್ಲಿ ಗ್ಲಿರಿಸಿಡಿಯಾ ನೆಟ್ಟಿತು. ಕರ್ನಾಟಕದ ರೈತರು ಗೊಬ್ಬರದ ಗಿಡ ಎನ್ನುವುದು ಇದಕ್ಕೇ. ಮಧ್ಯ ಅಮೆರಿಕದ ಮೂಲದ್ದು, ಬೇಗ ಬೆಳೆಯುತ್ತದೆ, ದನ ಅಷ್ಟಾಗಿ ಮುಟ್ಟುವುದಿಲ್ಲ, ನೀರು ಕಡಿಮೆ ಸಾಕು. ನೆಡುವವರಿಗೆ ಇದಕ್ಕಿಂತ ಅನುಕೂಲದ ಗಿಡವಿಲ್ಲ.

ಫಲ ಈಗ ಕಾಣುತ್ತಿದೆ. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ತೋರುತ್ತದೆ. ಒಳಗೆ ಹೋಗಿ ನೋಡಿದರೆ ಒಂದೇ ಜಾತಿಯ ಗಿಡ ಸಾಲುಸಾಲಾಗಿ ನಿಂತಿದೆ, ಅಡಿಯಲ್ಲಿ ಹುಲ್ಲಿಲ್ಲ. ಬಿಸಿಲು ಏರಿದಾಗ, ಅಂದರೆ ನೆರಳು ಬೇಕಾದ ಕಾಲಕ್ಕೆ ಸರಿಯಾಗಿ, ಗ್ಲಿರಿಸಿಡಿಯಾ ಎಲೆ ಉದುರಿಸಿಕೊಂಡು ನಿಲ್ಲುತ್ತದೆ. ಹಕ್ಕಿಗಳಿಗೆ ಅದರಲ್ಲಿ ತಿನ್ನುವ ಹಣ್ಣಿಲ್ಲ. ಇದೇ ಗುಡ್ಡದಲ್ಲಿ ನೆಡದೆ ಬಿಟ್ಟ ಭಾಗಗಳೂ ಇವೆ. ಅಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಹತ್ತಾರು ಬಗೆಯ ಹುಲ್ಲು, ಅವುಗಳ ನಡುವೆ ಗಡ್ಡೆಯಿಂದ ಚಿಗುರುವ ಪುಟ್ಟ ಹೂಗಿಡಗಳು ಬರುತ್ತವೆ. ಅಲ್ಲೊಂದು ಇಲ್ಲೊಂದು ಅರಿಶಿನ ಬೂರುಗ ಬೇಸಿಗೆಯಲ್ಲಿ ಎಲೆಯಿಲ್ಲದೆ ಹಳದಿ ಹೂ ಬಿಡುತ್ತದೆ. ಒಂದು ಮರಕ್ಕೂ ಇನ್ನೊಂದಕ್ಕೂ ನಡುವೆ ದೂರವಿರುವುದು ಈ ನೆಲದ ಸ್ವಭಾವ. ಆ ದೂರವನ್ನು ‘ಖಾಲಿ’ ಎಂದು ಎಣಿಸಿದ್ದೇ ಎಲ್ಲ ತೊಂದರೆಯ ಮೂಲ.

ಆ ಖಾಲಿಯಲ್ಲಿ ಏನಿರಬಹುದು ಎನ್ನುವುದಕ್ಕೆ ಪುಣೆ ಜಿಲ್ಲೆಯಲ್ಲೇ ಒಂದು ಸಾಕ್ಷಿಯಿದೆ. ಜುನ್ನರದ ಶಿವನೇರಿ, ಅಂದರೆ ಶಿವಾಜಿ ಹುಟ್ಟಿದ ಕೋಟೆ. ಅದರ ಬಸಾಲ್ಟ್ ಬಂಡೆಗಳ ಬಿರುಕುಗಳಲ್ಲಿ ದಪ್ಪ ಕಾಂಡದ, ನಕ್ಷತ್ರದಂಥ ಕೆಂಗಂದು ಹೂವಿನ ಒಂದು ಗಿಡ ಬೆಳೆಯುತ್ತದೆ. ಮರಾಠಿಯಲ್ಲಿ ಶಿವಸುಮನ ಎನ್ನುತ್ತಾರೆ. ಮುಂಬೈ ಪ್ರಾಂತದ ಗವರ್ನರ್ ಬಾರ್ಟಲ್ ಫ್ರೆರ್ ಅವರ ಹೆಸರಿನಿಂದ ವಿಜ್ಞಾನಿಗಳು ಇದನ್ನು ಫ್ರೆರಿಯಾ ಎಂದು ಕರೆದರು. ಶಿವನೇರಿ, ಪುರಂದರ ಮುಂತಾದ ಕೆಲವೇ ಗುಡ್ಡಗಳ ಕಡಿದಾದ ಬಂಡೆಗಳಲ್ಲಿ ಬಿಟ್ಟರೆ ಇದು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಇದಕ್ಕೆ ಬೇಕಾದದ್ದು ಬಿಸಿಲು, ಬರಿಯ ಕಲ್ಲು, ಚೂರು ಮಣ್ಣು. ಅದರ ಮೇಲೆ ನೆರಳು ಬಿದ್ದರೆ ಅದಕ್ಕೆ ಉಳಿಗಾಲವಿಲ್ಲ.

ಪ್ರಾಣಿಗಳ ಕಥೆಯೂ ಹೀಗೆಯೇ. ಬಾರಾಮತಿ ತಾಲ್ಲೂಕಿನ ಸುಪೆ ಬಳಿ ಮಯೂರೇಶ್ವರ ವನ್ಯಧಾಮವಿದೆ. 1997ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ 5 ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲೇ ಚಿಂಕಾರಗಳ ಹಿಂಡುಗಳಿವೆ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಕರ್ನಾಟಕ ಕಾಪಾಡಿಕೊಂಡಿರುವುದೂ ಇದೇ ಪ್ರಾಣಿಯನ್ನು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಹಾರಿ ಬರುವ ಹ್ಯಾರಿಯರ್ ಜಾತಿಯ ಬೇಟೆ ಹಕ್ಕಿಗಳು ರಾತ್ರಿ ತಂಗುವುದು ಮರದ ಮೇಲಲ್ಲ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆ. ನೆಲಗುಬ್ಬಿಗಳು ಮೊಟ್ಟೆಯಿಡುವುದೂ ನೆಲದ ಮೇಲೆ. ಗಂಟಲ ಕೆಳಗೆ ನೀಲಿ, ಕಪ್ಪು, ಕಿತ್ತಳೆ ಬಣ್ಣದ ಬೀಸಣಿಗೆ ಬಿಚ್ಚಿ ಹೆಣ್ಣನ್ನು ಕರೆಯುವ ಓತಿಗಳಿಗೆ ದೂರದಿಂದ ಕಾಣಿಸಿಕೊಳ್ಳಲು ಬಯಲೇ ಬೇಕು.

ಈ ಬಯಲಿನ ದೊರೆ ತೋಳ. ದೇಶದ ತೋಳಗಳ ಸಂಖ್ಯೆ ಸುಮಾರು 3,100 ಎಂದು ಅಂದಾಜು. 2022ರ ಗಣತಿಯ ಪ್ರಕಾರ ಹುಲಿಗಳ ಸಂಖ್ಯೆ 3,682. ಅಂದರೆ ತೋಳ ಹುಲಿಗಿಂತ ಅಪರೂಪವಾಗಿದೆ, ಆದರೆ ಅದರ ಹೆಸರಿನಲ್ಲಿ ಹುಲಿಗಿರುವಂತೆ ದೇಶವ್ಯಾಪಿ ಯೋಜನೆಯಿಲ್ಲ. ತೋಳಗಳಲ್ಲಿ ಹೆಚ್ಚಿನವು ರಕ್ಷಿತ ಅರಣ್ಯಗಳ ಹೊರಗೆ, ಕುರಿ ಮೇಯುವ ಬಯಲುಗಳಲ್ಲಿ ಬದುಕುತ್ತವೆ. ಪುಣೆಯ ಸುತ್ತ ‘ದಿ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟ್’ ಇವುಗಳ ಬೆನ್ನು ಹತ್ತಿ ದಾಖಲೆ ಮಾಡುತ್ತ ಬಂದಿದೆ. ಅವರ ಕಣ್ಣಿಗೆ ಬಿದ್ದ, ಬಣ್ಣದಲ್ಲಿ ಬೇರೆಯಾಗಿ ತೋರಿದ ಪ್ರಾಣಿಯೊಂದರ ಮೇಲೆ ಬೆಂಗಳೂರಿನ ಏಟ್ರೀ ಮತ್ತು ಎನ್‌ಸಿಬಿಎಸ್ ಸಂಸ್ಥೆಗಳ ಸಂಶೋಧಕರು ವಂಶವಾಹಿ ಪರೀಕ್ಷೆ ನಡೆಸಿದಾಗ ಅದು ತೋಳ ಮತ್ತು ನಾಯಿಯ ಮಿಶ್ರತಳಿ ಎಂದು ಖಚಿತವಾಯಿತು. 2023ರಲ್ಲಿ ಪ್ರಕಟವಾದ ಈ ಸಂಗತಿ ಒಂದು ಎಚ್ಚರಿಕೆ. ಊರಿನ ಕಸ ಬಯಲಿಗೆ ಬಂದು ಬೀಳುತ್ತದೆ, ಕಸದ ಹಿಂದೆ ನಾಯಿಗಳು ಬರುತ್ತವೆ. ಬಯಲು ಚೂರುಚೂರಾಗಿ ಜೊತೆ ಸಿಗದ ತೋಳ ನಾಯಿಯ ಜೊತೆ ಸೇರುತ್ತದೆ. ಗುಂಡಿಲ್ಲದೆ, ವಿಷವಿಲ್ಲದೆ ಒಂದು ಜೀವಜಾತಿ ಕರಗಿಹೋಗುವ ಬಗೆ ಇದು.

ಇಷ್ಟಾದರೂ ‘ಒಂದು ಕಾಲಕ್ಕೆ ಇಲ್ಲಿ ಕಾಡಿತ್ತು, ಜನ ಕಡಿದರು’ ಎಂಬ ಮಾತು ನಿಲ್ಲುವುದಿಲ್ಲ. ಇದಕ್ಕೆ ಉತ್ತರ ವಿಜ್ಞಾನದ ಪುಸ್ತಕಗಳಲ್ಲಷ್ಟೇ ಅಲ್ಲ, ಸಾಹಿತ್ಯದಲ್ಲೂ ಸಿಕ್ಕಿದೆ. ಪುಣೆಯ ಐಸರ್‌ನ ದಿಗ್ವಿಜಯ ಪಾಟೀಲ ಮತ್ತು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆಶಿಶ್ ನೆರ್ಲೇಕರ್ 2025ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13ನೇ ಶತಮಾನದಿಂದ ಈಚಿನ ಮರಾಠಿ ಪದ್ಯ, ಐತಿಹ್ಯ, ಜನಪದ ಹಾಡುಗಳಲ್ಲಿ ಗಿಡಮರಗಳ ಉಲ್ಲೇಖಗಳನ್ನು ಹುಡುಕಿದರು. ಪಶ್ಚಿಮ ಮಹಾರಾಷ್ಟ್ರದ ಒಣ ಭಾಗದ ಬಗ್ಗೆ ಹೇಳುವಾಗ ಹಳೆಯ ಕವಿಗಳು ಹೆಸರಿಸಿದ್ದು ಹೆಚ್ಚಾಗಿ ಜಾಲಿ, ಮುಳ್ಳುಪೊದೆ, ಬಯಲಿನ ಮರಗಳನ್ನೇ. ದಟ್ಟಡವಿಯ ಮರಗಳನ್ನಲ್ಲ. ಬ್ರಿಟಿಷರ ಕೊಡಲಿ ಬರುವುದಕ್ಕೆ ಎಷ್ಟೋ ಮೊದಲೇ, ಸುಮಾರು 750 ವರ್ಷಗಳ ಹಿಂದೆಯೂ ಇದು ಹುಲ್ಲುಬಯಲೇ ಆಗಿತ್ತು ಎಂಬುದು ಅವರ ತೀರ್ಮಾನ.

ಸಂತ ಕಾನ್ಹೋಪಾತ್ರೆಯ ಐತಿಹ್ಯವನ್ನೇ ನೋಡಬಹುದು. ಆಕೆ ಮಂಗಳವೇಢೆಯವಳು. ಬಿಜ್ಜಳನ ಬಳಿ ಬಸವಣ್ಣ ಕೆಲಸಕ್ಕಿದ್ದ ಊರು ಅದು. ಬೀದರದ ಬಾದಶಹ ತನ್ನನ್ನು ಬಲವಂತವಾಗಿ ಕರೆಸಿಕೊಳ್ಳಲು ಹೊರಟಾಗ ಆಕೆ ಪಂಢರಪುರದ ವಿಠಲನ ಪಾದದಲ್ಲಿ ಪ್ರಾಣ ಬಿಟ್ಟಳು, ಆಕೆಯನ್ನು ಹೂಳಿದ ಜಾಗದಲ್ಲಿ ತರಟಿ ಗಿಡ ಹುಟ್ಟಿತು ಎಂಬುದು ಕಥೆ. ತರಟಿ ಬಯಲುಸೀಮೆಯ ಮುಳ್ಳಿನ ಗಿಡ. ಭಕ್ತರು ಇವತ್ತಿಗೂ ಪಂಢರಪುರದ ಗುಡಿಯಲ್ಲಿ ಅದಕ್ಕೆ ಕೈಮುಗಿಯುತ್ತಾರೆ. ಈ ನೆಲದ ಜನ ಮುಳ್ಳಿನ ಗಿಡದಲ್ಲಿ ಸಂತಳನ್ನು ಕಂಡರು. ಅರಣ್ಯದ ಕಡತ ಅದೇ ಗಿಡವನ್ನು ಪೊದೆ ಎಂದು ಬರೆದು ಕಿತ್ತುಹಾಕಿತು.

ದೇವರುಗಳೂ ಇದನ್ನೇ ಹೇಳುತ್ತಾರೆ. ಸಾಸವಡದ ಆಚೆಯ ಜೇಜುರಿಯ ಖಂಡೋಬಾ ಕನ್ನಡಿಗರಿಗೆ ಮೈಲಾರಲಿಂಗ. ಧನಗರರ ಬಿರೋಬಾ ಕುರುಬರ ಬೀರಪ್ಪ. ಜೇಜುರಿಯ ವಾಘ್ಯಾ, ಮೈಲಾರದ ಗೊರವಯ್ಯ ಇಬ್ಬರೂ ದೇವರ ನಾಯಿಗಳು ತಾವೆಂದು ಬೊಗಳುತ್ತಾರೆ. ಕುರಿಹಿಂಡು, ಕಾವಲಿನ ನಾಯಿ, ಕುದುರೆ, ಕಂಬಳಿ, ಇವೆಲ್ಲ ಬಯಲಿನ ಬದುಕಿನ ಗುರುತುಗಳು. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಈ ದೇವರುಗಳ ಮತ್ತು ಕುರಿಗಾರರ ಹಿಂದೆ ಅಲೆದು ಹಲವು ದಶಕಗಳ ಅಧ್ಯಯನ ನಡೆಸಿದ್ದರು. ನೂರಾರು ವರ್ಷಗಳ ಕಾಲ ಇಷ್ಟು ದೊಡ್ಡ ಕುರಿಗಾರ ಸಂಸ್ಕೃತಿಯನ್ನು ಸಾಕಿದ ನೆಲ ನಿನ್ನೆ ಮೊನ್ನೆ ಹಾಳಾದ ಕಾಡಾಗಿರಲು ಸಾಧ್ಯವಿಲ್ಲ.

ಹಾಗಾದರೆ ‘ಹಾಳು’ ಎಂಬ ಮಾತು ಬಂದದ್ದು ಎಲ್ಲಿಂದ? ಬಹುಮಟ್ಟಿಗೆ ಕಂದಾಯದ ಪುಸ್ತಕದಿಂದ. ಕಂದಾಯ ಕೊಡದ, ತೊಲೆ ಕೊಡದ ನೆಲವನ್ನು ವಸಾಹತು ಸರ್ಕಾರ ವ್ಯರ್ಥ ಭೂಮಿ ಎಂದು ಬರೆದುಕೊಂಡಿತು. ಕರ್ನಾಟಕದ ಪಹಣಿಯಲ್ಲಿ ಅದು ಖರಾಬು, ಮರಾಠಿಯಲ್ಲಿ ಪಡೀಕ್, ಹಿಂದಿಯಲ್ಲಿ ಬಂಜರು. ಸ್ವಾತಂತ್ರ್ಯ ಬಂದ ಮೇಲೂ ಪದ ಬದಲಾಗಲಿಲ್ಲ. 2000ದಿಂದ ಕೇಂದ್ರ ಸರ್ಕಾರ ಹೊರತರುತ್ತಿರುವ ಪಾಳುಭೂಮಿ ಅಟ್ಲಾಸ್‌ನಲ್ಲಿ ದೇಶದ ಎಷ್ಟೋ ಹುಲ್ಲುಗಾವಲುಗಳು ಸೇರಿವೆ. ಒಮ್ಮೆ ಪಾಳು ಎಂದು ಹೆಸರು ಬಿದ್ದ ಮೇಲೆ ಅದರ ಮೇಲೆ ಏನು ಮಾಡಿದರೂ ಸುಧಾರಣೆಯೇ. ಹಳೆಯ ಮಾತುಗಳು ಬೇರೆಯಿದ್ದವು. ಮರಾಠಿಯ ಮಾಳರಾನ್, ಕನ್ನಡದ ಗೋಮಾಳ, ಕಾವಲು, ಹುಲ್ಲುಗಾವಲು. ಇವುಗಳಲ್ಲಿ ನೆಲದ ಉಪಯೋಗವೂ ಅದನ್ನು ಕಾಯುವ ಹೊಣೆಯೂ ಸೇರಿತ್ತು.

ಪದ ಬದಲಾದರೆ ಏನಾಗುತ್ತದೆ ಎಂದು ಕರ್ನಾಟಕ ಕಣ್ಣಾರೆ ಕಂಡಿದೆ. ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮ 1974ರಲ್ಲಿ ಘೋಷಣೆಯಾಯಿತು, 119 ಚದರ ಕಿಲೋಮೀಟರ್. ಕೃಷ್ಣಮೃಗದ ಜೊತೆ ಅಲ್ಲಿ ಹೆಬ್ಬಕವೂ ಇತ್ತು. ಬಳ್ಳಾರಿ ಕಡೆ ಎರ್ಲಡ್ಡು ಎನ್ನುವ, ಎರೆ ಭೂಮಿಯಲ್ಲಿ ತಲೆಯೆತ್ತಿ ನಡೆಯುವ ಆ ಭಾರಿ ಹಕ್ಕಿಗೆ ಬೇಕಾದದ್ದು ದೂರದವರೆಗೆ ಕಾಣುವ ಬಯಲು. ಆದರೆ ಆ ವನ್ಯಧಾಮದ ಬಹುಪಾಲು ನೆಲದಲ್ಲಿ ನೀಲಗಿರಿ ತೋಪು ಎದ್ದಿತ್ತು. ಕೃಷ್ಣಮೃಗ ಹೇಗೋ ಅಂಚುಗಳಲ್ಲಿ, ಹೊಲಗಳಲ್ಲಿ ಉಳಿದುಕೊಂಡಿತು. ಹೆಬ್ಬಕ ಉಳಿಯಲಿಲ್ಲ. ಸೋಲಾಪುರದ ನಾನ್ನಜ್‌ನಲ್ಲಿ 1979ರಲ್ಲಿ ಅದಕ್ಕೆಂದೇ ವನ್ಯಧಾಮ ಮಾಡಿದರೂ ಅಲ್ಲಿಯೂ ಈಗ ಅದು ಕಾಣುವುದೇ ಅಪರೂಪ. ಚಳ್ಳಕೆರೆಯ ಬಳಿಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಅಲ್ಲಿಯೂ ನೆಲ ‘ಖಾಲಿ’ ಎಂದು ಕಂಡದ್ದು ಹುಲ್ಲಿನಲ್ಲಿ ದನ ಕಟ್ಟದವರ ಕಣ್ಣಿಗೆ.

ಸಸಿ ನೆಡುವವರ ಪರವಾಗಿ ಹೇಳಬೇಕಾದ ಗಟ್ಟಿಯಾದ ಮಾತೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಪುಣೆಯಂಥ ನಗರದಲ್ಲಿ ಗುಡ್ಡಕ್ಕೆ ಇರುವ ನಿಜವಾದ ಅಪಾಯ ಸಸಿಯಲ್ಲ, ಜೆಸಿಬಿ. ಬೋಳಾಗಿ ಕಂಡ ಗುಡ್ಡವನ್ನು ಬಿಲ್ಡರುಗಳು ಬಿಡುವುದಿಲ್ಲ. ಮರ ನೆಟ್ಟರೆ ಜನ ಬರುತ್ತಾರೆ, ಜನ ಬಂದರೆ ಗುಡ್ಡ ಉಳಿಯುತ್ತದೆ. ಹೆಗಲಿಗೆ ನೀರಿನ ಬಾಟಲಿ ತೂಗಿಕೊಂಡು ಹತ್ತಾರು ವರ್ಷ ಗುಡ್ಡ ಹತ್ತಿ ಸಸಿಗಳಿಗೆ ನೀರೆರೆದ ನಾಗರಿಕರು ಪುಣೆಯ ಎಲ್ಲ ಟೇಕಡಿಗಳಲ್ಲೂ ಇದ್ದಾರೆ. ಅವರ ಹಟವಿಲ್ಲದಿದ್ದರೆ ಗುಡ್ಡಗಳ ಎಷ್ಟೋ ಭಾಗ ಈಗಾಗಲೇ ಸೈಟುಗಳಾಗಿರುತ್ತಿದ್ದವು. ಮಹಾನಗರ ಪಾಲಿಕೆಗೆ ಸೇರಿದ 23 ಹಳ್ಳಿಗಳ ಗುಡ್ಡಗಳಲ್ಲಿ ಸುಮಾರು 976 ಹೆಕ್ಟೇರನ್ನು ಜೀವವೈವಿಧ್ಯ ಉದ್ಯಾನಕ್ಕೆಂದು ಮೀಸಲಿಡಿಸಲು ನಡೆದ ಹೋರಾಟದ ಹಿಂದೆಯೂ ಇಂಥ ಜನರೇ ಇದ್ದರು. ಬಾಲಭಾರತಿಯಿಂದ ಪೌಡ್ ಫಾಟಾವರೆಗೆ ವೇತಾಳ ಟೇಕಡಿಯ ಅಂಚು ಸೀಳುವ ರಸ್ತೆ, ಗುಡ್ಡದ ಹೊಟ್ಟೆಯಲ್ಲಿ ಸುರಂಗಗಳು ಎಂಬ ಪಾಲಿಕೆಯ ಯೋಜನೆಯ ವಿರುದ್ಧ 2023ರ ಏಪ್ರಿಲ್‌ನಲ್ಲಿ ಸಾವಿರಾರು ಮಂದಿ ಬೀದಿಗಿಳಿದಾಗಲೂ ಇವರೇ ಮುಂದಿದ್ದರು.

ಆ ರಸ್ತೆಯ ವಿರೋಧಿಗಳ ವಾದದಲ್ಲಿ ನೀರು ಮುಖ್ಯವಾಗಿತ್ತು. ಬಸಾಲ್ಟ್ ಒಂದೇ ಗಟ್ಟಿ ಬಂಡೆಯಲ್ಲ. ಗಟ್ಟಿಯಾದ ಒಂದು ಪದರ, ಅದರ ಮೇಲೆ ಗಾಳಿಗುಳ್ಳೆಗಳ ತೂತು ತುಂಬಿದ ಇನ್ನೊಂದು ಪದರ, ನಡುವೆ ಬಿರುಕುಗಳು. ಗುಡ್ಡದ ಮೇಲೆ ಬಿದ್ದ ಮಳೆ ಈ ಬಿರುಕು, ತೂತುಗಳಲ್ಲಿ ಇಳಿದು ಗುಡ್ಡದ ಬುಡದಲ್ಲಿ ಒರತೆಯಾಗಿ, ಬಾವಿಯ ನೀರಾಗಿ ಹೊರಬರುತ್ತದೆ. ಪುಣೆಯ ಆಕ್ವಾಡ್ಯಾಮ್ ಸಂಸ್ಥೆ ಈ ನೀರಿನ ದಾರಿಗಳನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿದೆ. ಸುರಂಗ ಕೊರೆದರೆ ಆ ದಾರಿ ಮುರಿಯುತ್ತದೆ ಎಂಬ ಆತಂಕ ನ್ಯಾಯವಾದದ್ದು. ಅದೇ ನ್ಯಾಯ ಹುಲ್ಲಿಗೂ ಸಲ್ಲಬೇಕು. ಮಳೆಹನಿಯ ಹೊಡೆತ ತಡೆದು, ನೀರನ್ನು ನಿಧಾನಿಸಿ, ಬಿರುಕಿಗೆ ಇಳಿಸುವುದು ಹುಲ್ಲಿನ ಬೇರು. ನೆರಳಿನಿಂದ ಹುಲ್ಲು ಸತ್ತ ಇಳಿಜಾರಿನಲ್ಲಿ ನೀರು ಮಣ್ಣನ್ನು ಕೊಚ್ಚಿಕೊಂಡು ಓಡುತ್ತದೆ.

ಗುಡ್ಡ ಉಳಿಯಬೇಕೆಂದರೆ ಅದು ಕಾಡಿನಂತೆ ಕಾಣಬೇಕು ಎಂಬ ತಂತ್ರದಲ್ಲಿ ಒಂದು ದೊಡ್ಡ ದೋಷವಿದೆ. ‘ಮರವಿದ್ದರೆ ಮಾತ್ರ ಬೆಲೆ’ ಎಂಬುದನ್ನು ಒಪ್ಪಿಕೊಂಡ ಕ್ಷಣ ಮರವಿಲ್ಲದ ಉಳಿದೆಲ್ಲ ನೆಲವನ್ನೂ ಬಿಟ್ಟುಕೊಟ್ಟಂತೆ. ವೇತಾಳ ಟೇಕಡಿಗೆ ಸಾವಿರಾರು ಜನ ಬರುತ್ತಾರೆ. ಸಾಸವಡದ ತೋಳದ ಗುಹೆಯ ಪಕ್ಕದ ಬಯಲಿಗೆ ಲೇಔಟು ಬಂದರೆ ಯಾರೂ ಬರುವುದಿಲ್ಲ, ಏಕೆಂದರೆ ಅಲ್ಲಿ ಕಡಿಯಲು ಮರಗಳೇ ಇಲ್ಲ. ಕಾನೂನೂ ಹಾಗೆಯೇ ನಡೆಯುತ್ತದೆ. ಒಂದು ಕಡೆ ಕಾಡು ಕಡಿದದ್ದಕ್ಕೆ ಪರಿಹಾರವಾಗಿ ಇನ್ನೊಂದು ಕಡೆ ನೆಡಬೇಕೆಂಬ ನಿಯಮವಿದೆ. ಅದಕ್ಕೆ 2016ರ ಕಾಯ್ದೆಯ ಮೂಲಕ ದೊಡ್ಡ ನಿಧಿಯೂ ಇದೆ. ನೆಡಲು ಜಾಗ ಹುಡುಕುವ ಅಧಿಕಾರಿಗೆ ಮೊದಲು ಕಾಣುವುದು ಬಯಲು. ಹೀಗೆ ಒಂದು ಗಣಿಗೆ ಎರಡು ಆವಾಸಗಳು ಬಲಿಯಾಗುತ್ತವೆ, ಲೆಕ್ಕದಲ್ಲಿ ಒಂದೂ ಬಲಿಯಾಗಿರುವುದಿಲ್ಲ.

ಹವಾಮಾನ ಬದಲಾವಣೆಯ ಕಾಲದಲ್ಲಿ ಮರ ಬೇಡವೆನ್ನಬಹುದೇ ಎಂದು ಕೇಳುವವರೂ ಇದ್ದಾರೆ. ಮರ ಬೇಕು, ನಗರಕ್ಕಂತೂ ಬೇಕೇ ಬೇಕು. ಪುಣೆಯ ರಸ್ತೆಗಳ ಬದಿಯಲ್ಲಿ, ಬಸ್ ನಿಲ್ದಾಣಗಳಲ್ಲಿ, ಶಾಲೆಯ ಅಂಗಳದಲ್ಲಿ, ಮುಳಾ ಮತ್ತು ಮುಠಾ ನದಿಗಳ ದಂಡೆಯಲ್ಲಿ, ಬಿಸಿಲಿಗೆ ಜನ ನಿಲ್ಲುವ ಕಡೆಯಲ್ಲೆಲ್ಲ ನೆರಳು ಬೇಕು. ರಸ್ತೆ ಅಗಲ ಮಾಡಲು ಹಳೆಯ ಆಲ, ಹುಣಸೆ ಕಡಿದು, ಆ ಪಾಪ ತೊಳೆಯಲು ಗುಡ್ಡದ ಮೇಲೆ ಸಸಿ ನೆಡುವುದು ಯಾವ ಲೆಕ್ಕ? ಇನ್ನು ಇಂಗಾಲದ ಮಾತು. ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ನೆಲದ ಕೆಳಗೆ, ಬೇರು ಮತ್ತು ಮಣ್ಣಿನಲ್ಲಿ ಇಡುತ್ತದೆ. ಮೇಲಿನ ಹುಲ್ಲಿಗೆ ಬೆಂಕಿ ಬಿದ್ದರೂ ಆ ಸಂಗ್ರಹ ಉಳಿಯುತ್ತದೆ. ಒಣ ಸೀಮೆಯ ತೋಪಿಗೆ ಬೆಂಕಿ ಬಿದ್ದರೆ ಹೋಗುವುದೇ ಹೆಚ್ಚು.

‘ಹಸಿರು’ ಎಂಬ ಪದವೇ ಬಣ್ಣ ನೋಡಿ ಮೋಸಹೋಗುವಂತೆ ಮಾಡುತ್ತದೆ ಎಂಬುದಕ್ಕೆ ಸಾತಾರಾ ಜಿಲ್ಲೆಯ ಚಾಳಕೆವಾಡಿ ಪ್ರಸ್ಥಭೂಮಿ ಇನ್ನೊಂದು ಉದಾಹರಣೆ. ಅಲ್ಲಿ ಗಾಳಿಯಂತ್ರಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥೇಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದು: ಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಕಡಿಮೆ, ಹಕ್ಕಿಗಳ ಭಯವಿಲ್ಲದ್ದರಿಂದ ಓತಿಗಳ ಸಂಖ್ಯೆ ಹೆಚ್ಚು, ಅವುಗಳ ನಡತೆ, ಮೈಕಟ್ಟು ಕೂಡ ಬೇರೆ. ಗಾಳಿಯ ವಿದ್ಯುತ್ತು ಬೇಡ ಎಂಬುದು ಇದರ ಅರ್ಥವಲ್ಲ. ಖಾಲಿ ಎನಿಸುವ ಬಂಡೆಯ ಮೇಲೂ ಒಂದಕ್ಕೊಂದು ಹೆಣೆದುಕೊಂಡ ಬದುಕಿದೆ, ಒಂದು ಎಳೆ ಜಗ್ಗಿದರೆ ಇನ್ನೊಂದು ಅಲುಗುತ್ತದೆ ಎಂಬುದಷ್ಟೇ ಪಾಠ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕಡತದಲ್ಲಿ ಹೆಸರು ಬದಲಾಗಬೇಕು. ಹುಲ್ಲುಗಾವಲನ್ನು ಪಾಳುಭೂಮಿಯ ಪಟ್ಟಿಯಿಂದ ತೆಗೆದು ಅದಕ್ಕೇ ಒಂದು ವರ್ಗ ಕೊಡಬೇಕು. ಪರಿಹಾರದ ನೆಡುತೋಪು ಅಲ್ಲಿ ಬರಕೂಡದು. ಗುಡ್ಡದ ಮೇಲೆ ಹೊಸದಾಗಿ ನೆಡುವುದನ್ನು ನಿಲ್ಲಿಸಿ, ಈಗಿರುವ ಗ್ಲಿರಿಸಿಡಿಯಾವನ್ನು ಒಂದೇ ಸಲಕ್ಕೆ ಬೋಳಿಸದೆ ಹಂತಹಂತವಾಗಿ ತೆಗೆಯಬೇಕು. ಮರ ಬೇಕಾದ ಕೊರಕಲುಗಳಲ್ಲಿ ಅಲ್ಲಿಯದೇ ಮರಗಳು ಬರಲಿ. ಬೇಸಿಗೆಯಲ್ಲಿ ಕಿಡಿಗೇಡಿಗಳು ಹಚ್ಚುವ ಬೆಂಕಿಯನ್ನು ತಡೆಯಬೇಕು. ಊರ ಹೊರಗಿನ ಬಯಲಿನಲ್ಲಿ ಧನಗರರ ಕುರಿಗಳನ್ನು ಶತ್ರುಗಳಂತೆ ಅಟ್ಟುವ ಬದಲು, ತೋಳ ಹಿಡಿದ ಕುರಿಗೆ ತಡವಿಲ್ಲದೆ ಪರಿಹಾರ ಕೊಡಬೇಕು. ಬಯಲು ಮತ್ತು ತೋಳ ಎರಡನ್ನೂ ಇಲ್ಲಿಯವರೆಗೆ ಉಳಿಸಿದವರು ಅವರೇ.

ಒಳ್ಳೆಯ ಸೂಚನೆಗಳೂ ಇವೆ. ಮಹಾರಾಷ್ಟ್ರದ ಅರಣ್ಯ ಇಲಾಖೆ ಇಂದಾಪುರದ ಕಡಬನವಾಡಿಯಂಥ ಕಡೆ ಹುಲ್ಲುಗಾವಲು ಸಫಾರಿ ಆರಂಭಿಸಿದೆ. ತೋಳ, ಚಿಂಕಾರ ನೋಡಲು ಜನ ಹಣ ಕೊಟ್ಟು ಬರುತ್ತಿದ್ದಾರೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ 332 ಎಕರೆಯ ಚಿಕ್ಕ ಜಾಗವನ್ನು ಕರ್ನಾಟಕ ತೋಳಗಳಿಗೆಂದೇ ವನ್ಯಧಾಮ ಮಾಡಿದೆ. ಅಸೆನ್ಷನ್ನಿನಲ್ಲೂ ತಪ್ಪು ತಿದ್ದುವ ಕೆಲಸ ಫಲ ಕೊಟ್ಟಿದೆ. ಹಡಗಿನಲ್ಲಿ ಬಂದ ಬೆಕ್ಕುಗಳು ಅಲ್ಲಿನ ಕಡಲಹಕ್ಕಿಗಳನ್ನು ಮುಖ್ಯ ದ್ವೀಪದಿಂದ ಓಡಿಸಿದ್ದವು. ಬೆಕ್ಕುಗಳನ್ನು ತೆಗೆದ ಮೇಲೆ, 2012ರಲ್ಲಿ, ಆ ದ್ವೀಪಕ್ಕಷ್ಟೇ ಸೇರಿದ ಫ್ರಿಗೇಟ್ ಹಕ್ಕಿ ಶತಮಾನಕ್ಕೂ ಹೆಚ್ಚು ಕಾಲದ ನಂತರ ಬಂದು ಮತ್ತೆ ಅಲ್ಲಿ ಗೂಡು ಮಾಡಿತು. ಯಾರೂ ಅದನ್ನು ತಂದು ಬಿಟ್ಟಿರಲಿಲ್ಲ.

ಪುಣೆಯ ಪಾಲಿಕೆ ಮತ್ತು ಅರಣ್ಯ ಇಲಾಖೆ ಒಂದೇ ಒಂದು ಇಳಿಜಾರಿನಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಐದು ವರ್ಷ ಅಲ್ಲಿ ಯಾರೂ ಗುಂಡಿ ತೋಡಬಾರದು. ಶಾಲೆಯ ಮಕ್ಕಳು ಮಳೆಗಾಲಕ್ಕೊಮ್ಮೆ ಬಂದು ಹುಲ್ಲಿನ ಜಾತಿಗಳನ್ನು, ಹೂಗಳನ್ನು, ನೆಲದ ಮೇಲಿನ ಗೂಡುಗಳನ್ನು ಎಣಿಸಿ ಬರೆದಿಡಲಿ. ಪಕ್ಕದಲ್ಲೇ ನೆಟ್ಟ ಇಳಿಜಾರಿನಲ್ಲೂ ಅದೇ ಎಣಿಕೆ ನಡೆಯಲಿ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೂ ಗುಡ್ಡ ಬೋಳೆಂದೇ ಅನ್ನಿಸಿದರೆ ಆಗ ಗುದ್ದಲಿ ಎತ್ತಿಕೊಳ್ಳಬಹುದು.